ಬಲಗಡೆಯೂ ಹಾಗೆಯೇ

ಗುರುತಿನ ಚೀಟಿಯಲ್ಲಿ ಅವರಿಗೊಂದು ಹೆಸರಿತ್ತು, ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ಆ ಮನುಷ್ಯ ಎಲ್ಲರ ಬಾಯಲ್ಲೂ ‘ಹಾಗೆಯೇ ಮೇಷ್ಟ್ರು’. ಬೋರ್ಡಿನ ಎಡ ಅರ್ಧದಲ್ಲಿ ಪ್ರಮೇಯದ ಸಾಧನೆಯನ್ನು ಒಂದು ಚುಕ್ಕೆಯನ್ನೂ ಬಿಡದೆ ಬರೆಯುತ್ತಿದ್ದರು. ಬಲ ಅರ್ಧಕ್ಕೆ ಬರುವಷ್ಟರಲ್ಲಿ ಕೈ ಸೋತಿರುತ್ತಿತ್ತೋ, ಬೇಸರ ಬಂದಿರುತ್ತಿತ್ತೋ, ಸೀಮೆಸುಣ್ಣವನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ "ಬಲಗಡೆಯೂ ಹಾಗೆಯೇ" ಎಂದು ಕೈ ಜಾಡಿಸಿಬಿಡುತ್ತಿದ್ದರು. ಗಣಿತದವರಲ್ಲಿ ಈ ಚಾಳಿ ಇಲ್ಲದವರು ಅಪರೂಪ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಸರಿಯೇ ಇರುತ್ತದೆ, ಆ ಒಂದು ಸಲ ಯಾರ ತಲೆಗೆ ಬಂದು ಕೂರುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಮೇಷ್ಟ್ರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಬೀದಿಗೆಲ್ಲ ಆಕೆ ಟೈಲರಮ್ಮ. ಮದುವೆಯಾದ ಹೊಸತರಲ್ಲಿ ಒಂದು ದಿನ, ಮಿಷನ್ನಿನ ಪೆಡಲ್ ತುಳಿಯುತ್ತಲೇ ಕೇಳಿದ್ದಳು: "ರೀ, ದಿನವೆಲ್ಲ ಆ ರೂಮಲ್ಲಿ ಕೂತು ನೀವು ಮಾಡೋದಾದ್ರೂ ಏನು? ನನಗೆ ಅರ್ಥ ಆಗೋ ಹಾಗೆ ಹೇಳಿ ನೋಡೋಣ."

ಮೇಷ್ಟ್ರು ತಲೆ ಕೆರೆದುಕೊಂಡರು. ಗ್ರೂಪ್ ಅಂದರೆ ಕ್ರಿಯೆಗಳ ಒಂದು ಕೂಟ ಎಂದು ಶುರುಮಾಡಿದರು. ಒಂದಾದ ಮೇಲೊಂದು ಮಾಡಬಹುದು, ಮಾಡಿದ್ದನ್ನು ಬಿಚ್ಚಲೂಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಿನ್ನ ಕೆಲಸದಲ್ಲಿ ಅಳೆದು ಕತ್ತರಿಸುವುದು ಬೇರೆ, ಕತ್ತರಿಸಿ ಅಳೆಯುವುದು ಬೇರೆ, ಅಲ್ಲವೇ, ಹಾಗೆ. ಬಿಡಿಬಿಡಿಯಾಗಿ ನಿಂತ ಇಂಥ ಕ್ರಿಯೆಗಳನ್ನು ಕೂಡಿಸಿ, ಗುಣಿಸಿ, ಕೊನೆಯಿಲ್ಲದ ಮೊತ್ತಗಳು ಎಲ್ಲಿಗೆ ಹೋಗಿ ಮುಟ್ಟುತ್ತವೋ ಅದನ್ನೂ ಒಳಗೆ ಸೇರಿಸಿಕೊಂಡರೆ ಒಂದು ದೊಡ್ಡ ರಚನೆ ಏಳುತ್ತದೆ. ಅದಕ್ಕೆ ಆ ಗ್ರೂಪಿನ ಫಾನ್ ನಾಯ್ಮನ್ ಆಲ್ಜೀಬ್ರಾ ಅಂತ ಹೆಸರು. ಈಗ ಗ್ರೂಪನ್ನು ಬಚ್ಚಿಟ್ಟು ಆಲ್ಜೀಬ್ರಾ ಒಂದನ್ನೇ ಕೈಗೆ ಕೊಟ್ಟರೆ, ಇದು ಯಾವ ಗ್ರೂಪಿನಿಂದ ಹುಟ್ಟಿತು ಅಂತ ಹೇಳಲಾಗುತ್ತದೆಯೇ? ಅದೇ ತನ್ನ ಕೆಲಸ ಎಂದರು.

ಟೈಲರಮ್ಮ ದಾರ ಕಚ್ಚಿ ತುಂಡರಿಸಿದಳು. "ಅಂದ್ರೆ ಹೊಲಿದ ಬಟ್ಟೆ ನೋಡಿ ಯಾರ ಅಳತೆ ಅಂತ ಹೇಳ್ಬೇಕು, ಅಷ್ಟೇ ತಾನೆ? ಹೊದಿಕೆ ಆದ್ರೆ ಹೇಳೋಕಾಗಲ್ಲ, ಯಾರು ಹೊದ್ರೂ ಒಂದೇ. ಮೈಗಂಟೋ ಕೋಟಾದ್ರೆ ಹೇಳಬಹುದು."

ಮೇಷ್ಟ್ರು ಬೆಪ್ಪಾದರು. ಅವರ ಕಪಾಟಿನಲ್ಲಿದ್ದ ನಾನೂರು ಪುಟದ ಪುಸ್ತಕದ ಸಾರವೇ ಅದಾಗಿತ್ತು. ಮೆದು ಸ್ವಭಾವದ ಗ್ರೂಪುಗಳು ಲೆಕ್ಕವಿಲ್ಲದಷ್ಟಿವೆ; ಒಂದು ಸಣ್ಣ ಷರತ್ತು ಪಾಲಿಸಿದರೆ ಅವೆಲ್ಲವೂ ಒಂದೇ ಆಲ್ಜೀಬ್ರಾ ಆಗಿಬಿಡುತ್ತವೆ. ಆ ಆಲ್ಜೀಬ್ರಾ ತಾನೆಲ್ಲಿಂದ ಬಂದೆ ಅನ್ನುವುದನ್ನು ಪೂರ್ತಿ ಮರೆತಿರುತ್ತದೆ. ಬಿಗಿ ಸ್ವಭಾವದವು ಮಾತ್ರ ನೆನಪಿಟ್ಟುಕೊಳ್ಳುತ್ತವೇನೋ ಎಂಬ ಆಸೆ ಎಲ್ಲರಿಗೂ ಇದೆ. ಅಂಥ ಬಿಗಿ ಗ್ರೂಪುಗಳ ಒಂದು ಸಂಸಾರಕ್ಕೆ, ಹೌದು, ನೆನಪಿದೆ ಎಂದು ಸಾಧಿಸುವುದು ಮೇಷ್ಟ್ರ ಹಟ.

ಮೂವತ್ತೇಳನೆಯ ವಯಸ್ಸಿನಲ್ಲಿ ಸಾಧಿಸಿಯೂ ಬಿಟ್ಟರು. ನಲವತ್ತೊಂದು ಪುಟದ ಲೇಖನ ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಪುಟ ಇಪ್ಪತ್ಮೂರರ ಮಧ್ಯದಲ್ಲಿ, ಆರು ಪುಟದ ಬೆವರಿನ ಕೊನೆಗೆ, ಹೀಗೆ ಬರೆದಿದ್ದರು: "ಎಡಗಡೆಯ ಅಂದಾಜು ಸಿದ್ಧವಾಯಿತು. ಬಲಗಡೆಯೂ ಹಾಗೆಯೇ." ಪತ್ರಿಕೆಯ ಪರಿಶೀಲಕರಿಬ್ಬರೂ ತಲೆಯಾಡಿಸಿದ್ದರು.

ಆ ಲೇಖನದಿಂದ ಮೇಷ್ಟ್ರು ಪ್ರೊಫೆಸರ್ ಆದರು. ಎರಡನೆಯ ಮಹಡಿಯ ಮೂಲೆಯಲ್ಲಿ ಒಂದು ರೂಮು, ಅದಕ್ಕೊಂದು ದೊಡ್ಡ ಮೇಜು, ಮೂರು ಕೋಣೆಯ ಕ್ವಾರ್ಟರ್ಸ್, ಅದರ ಹೊರಗೋಣೆಯಲ್ಲಿ ಟೈಲರಮ್ಮನ ಮಿಷನ್ನು, ಎಲ್ಲ ಬಂತು. ರೂಮಿಗೆ ಬಣ್ಣ ಹೊಡೆದವರು ಕಿಟಕಿಯ ಚೌಕಟ್ಟಿಗೂ ಬಾಗಿಲಿಗೂ ಸೇರಿಸಿಯೇ ಹೊಡೆದುಬಿಟ್ಟರು. ಬಣ್ಣ ಒಣಗಿ ಕಿಟಕಿ ಕಚ್ಚಿಕೊಂಡಿತು. ತೆಗೆಸಬೇಕು, ತೆಗೆಸಬೇಕು ಎಂದುಕೊಳ್ಳುತ್ತಲೇ ಮೇಷ್ಟ್ರು ಇಪ್ಪತ್ತಮೂರು ವರ್ಷ ಅದರ ಪಕ್ಕದಲ್ಲಿ ಬೆವರುತ್ತ ಕೂತರು. ಹೇಳಿದರೆ ಕಚೇರಿಯವರಿಗೆ ತೊಂದರೆ ಎಂಬ ಸಂಕೋಚ. ಅವರ ಶಾಸ್ತ್ರದಲ್ಲಿ ಫ್ಯಾಕ್ಟರ್ ಎಂಬ ಒಂದು ಜಾತಿಯ ಆಲ್ಜೀಬ್ರಾ ಇದೆ. ಅದರೊಳಗೆ ಎಲ್ಲರ ಜೊತೆಗೂ ಹೊಂದಿಕೊಳ್ಳುವ, ಎಡಕ್ಕೆ ನಿಲ್ಲಿಸಿದರೂ ಬಲಕ್ಕೆ ನಿಲ್ಲಿಸಿದರೂ ವ್ಯತ್ಯಾಸವೇ ಬಾರದ ಅಂಶ ಯಾವುದೆಂದು ಹುಡುಕಿದರೆ, ಅದು ಬರೀ ಒಂದು ಸಂಖ್ಯೆ ಆಗಿರುತ್ತದೆ, ಬೇರೇನೂ ಅಲ್ಲ. ಇದನ್ನು ವರ್ಷವರ್ಷವೂ ಕಲಿಸಿದ ಮೇಷ್ಟ್ರಿಗೆ ತಮ್ಮ ನೆನಪು ಒಮ್ಮೆಯೂ ಬರಲಿಲ್ಲವೆಂದರೆ ಏನು ಹೇಳೋಣ.

ನಲವತ್ತೆಂಟನೆಯ ವಯಸ್ಸಿನಲ್ಲಿ, ಒಂದು ರಜಾ ದಿನದ ಬೆಳಿಗ್ಗೆ, ಹೊರಗೋಣೆಯಿಂದ ಟೈಲರಮ್ಮ ತನ್ನನ್ನೇ ಬೈದುಕೊಳ್ಳುವುದು ಕೇಳಿಸಿತು. ಮೇಷ್ಟ್ರು ಪೇಪರ್ ಹಿಡಿದುಕೊಂಡೇ ಬಂದರು.

"ಏನಾಯ್ತೇ?"

"ನನ್ನ ತಲೆ! ಗಿರಾಕಿ ಕೋಟಿನ ಬಟ್ಟೆ ಹಾಳು ಮಾಡಿದೆ. ನೋಡಿ, ಒಂದು ತೋಳು ಕತ್ತರಿಸಿದೆ. ಇನ್ನೊಂದೂ ಹಾಗೇ ಅಂತ ಅದೇ ಕಾಗದ ಇಟ್ಟು ಕತ್ತರಿಸಿದೆ. ಈಗ ಎರಡೂ ಎಡ ತೋಳು!"

"ಎರಡನೇದನ್ನ ಮಗುಚಿ ಹೊಲಿದ್ರಾಯ್ತಲ್ಲ."

"ಎರಡೂ ಮುಖ ಒಂದೇ ಇರೋ ಬಟ್ಟೆ ಆಗಿದ್ರೆ ಮಗುಚಬಹುದಿತ್ತು ರೀ. ಇದು ಅಚ್ಚಿನ ಬಟ್ಟೆ, ಇದಕ್ಕೆ ಒಂದೇ ಮುಖ. ಮಗುಚಿದ್ರೆ ಒಳಮೈ ಹೊರಗೆ ಬರುತ್ತೆ."

ಮೇಷ್ಟ್ರ ಕೈಯಿಂದ ಪೇಪರ್ ಜಾರಿತು. ಟೈಲರಮ್ಮ ಏನೋ ಹೇಳುತ್ತಲೇ ಇದ್ದಳು, ಅವರಿಗೆ ಕೇಳಿಸಲಿಲ್ಲ. ಪುಟ ಇಪ್ಪತ್ಮೂರು ಕಣ್ಣ ಮುಂದೆ ಬಂದು ನಿಂತಿತ್ತು. ಗ್ರೂಪಿನ ಆಲ್ಜೀಬ್ರಾಕ್ಕೆ ಎಡವೂ ಬಲವೂ ಕನ್ನಡಿಯ ಹಾಗೆ ನಿಜ, ಪ್ರತಿ ಕ್ರಿಯೆಯನ್ನೂ ಅದನ್ನು ಬಿಚ್ಚುವ ಕ್ರಿಯೆಯಾಗಿ ಮಗುಚಿದರೆ ಒಂದು ಇನ್ನೊಂದಾಗುತ್ತದೆ. ಅದನ್ನು ನಂಬಿಯೇ ಅವರು ‘ಹಾಗೆಯೇ’ ಎಂದಿದ್ದರು. ಆದರೆ ಆ ಪುಟದಲ್ಲಿ ಅವರು ಇಡೀ ಬಟ್ಟೆ ಹಿಡಿದಿರಲಿಲ್ಲ, ಅದರಿಂದ ಒಂದು ತುಂಡು ಕತ್ತರಿಸಿದ್ದರು. ಗ್ರೂಪಿನೊಳಗೆ ಒಂದು ಸಣ್ಣ ಗ್ರೂಪನ್ನಿಟ್ಟುಕೊಂಡು, ಅದರ ಅಳತೆಯಲ್ಲಿ ಇಡೀ ಗ್ರೂಪನ್ನು ಓಣಿ ಓಣಿಯಾಗಿ ಪಾಲು ಮಾಡಬಹುದು; ಎಡದಿಂದ ಓಣಿ ಹಾಕಿದರೆ ಅವರ ತುಂಡು ನಾಲ್ಕೇ ಓಣಿಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತಿತ್ತು. ಬಲದಿಂದ ಓಣಿ ಹಾಕಿದರೆ ಅದೇ ತುಂಡು ಕೊನೆಯಿಲ್ಲದಷ್ಟು ಓಣಿಗಳಲ್ಲಿ ಚೆಲ್ಲಿಹೋಗಬಹುದು. ತುಂಡಿಗೆ ಒಂದೇ ಮುಖವಿತ್ತು.

ಚಪ್ಪಲಿ ಮೆಟ್ಟಿ ನೇರ ರೂಮಿಗೆ ಹೋದರು. ರಜೆಯಾದ್ದರಿಂದ ಕಾವಲಿನವನನ್ನು ಕಾಡಿ ಬೇಡಿ ಬೀಗ ತೆಗೆಸಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಸಂಶಯ ಉಳಿದಿರಲಿಲ್ಲ. ಪ್ರಮೇಯ ಸುಳ್ಳೆಂದು ಗೊತ್ತಾಗಿದ್ದರೆ ಅಳು ಬಂದು ಮುಗಿಯುತ್ತಿತ್ತು. ಸುಳ್ಳೆಂದು ತೋರಿಸುವ ಒಂದು ಉದಾಹರಣೆಯೂ ಸಿಗಲಿಲ್ಲ, ನಿಜವೆಂದು ತೋರಿಸುವ ದಾರಿಯೂ ಸಿಗಲಿಲ್ಲ. ಹನ್ನೊಂದು ವರ್ಷದಿಂದ ತಾವು ಕೂತಿದ್ದ ಕುರ್ಚಿಗೆ ಒಂದು ಕಾಲೇ ಇರಲಿಲ್ಲವೆಂದು ಅವರಿಗೆ ಅಂದು ತಿಳಿಯಿತು.

ಇದರಲ್ಲಿ ಅವರೊಬ್ಬರೇ ಸಿಕ್ಕಿಕೊಂಡಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಎರಡು ವರ್ಷದ ಹಿಂದೆ ಅವರ ಕೈಕೆಳಗೆ ಒಬ್ಬ ಸಂಶೋಧಕಿ ಸೇರಿದ್ದಳು. ಎಡಗೈಯಲ್ಲಿ ಬರೆಯುತ್ತಿದ್ದಳು, ಬರೆದದ್ದನ್ನೆಲ್ಲ ತಾನೇ ಅಂಗೈಯಿಂದ ಒರೆಸಿಕೊಳ್ಳುತ್ತ ಹೋಗುತ್ತಿದ್ದಳು. ಮೇಷ್ಟ್ರು ಪ್ರೀತಿಯಿಂದ ಎಡಗೈ ಎಂದೇ ಕರೆಯುತ್ತಿದ್ದರು. "ನನ್ನ ಪ್ರಮೇಯ ಅಡಿಪಾಯ ಅಂತ ಇಟ್ಕೋ, ಅದರ ಮೇಲೆ ಮನೆ ಕಟ್ಟು" ಎಂದು ವಿಷಯ ಕೊಟ್ಟವರು ಅವರೇ. ಎಡಗೈಯ ಮನೆಯಲ್ಲಿ ತಾಯಿ, ಇನ್ನೂ ಓದುತ್ತಿದ್ದ ತಮ್ಮ. ಅವಳಿಗೆ ಕೆಲಸ ಸಿಕ್ಕರೆ ಮೂವರೂ ತಲೆ ಎತ್ತಬಹುದು.

ಮೇಷ್ಟ್ರು ಹೆಂಡತಿಗೆ ಎಲ್ಲವನ್ನೂ ಹೇಳಿಕೊಂಡರು. ಟೈಲರಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳಿದಳು.

"ಆ ಹುಡುಗಿಗೆ ಹೇಳಿ. ಇವತ್ತೇ ಹೇಳಿ."

"ಸರಿಮಾಡಿಬಿಡ್ತೀನಿ ಕಣೇ. ಅವಳು ಬರೆದು ಮುಗಿಸೋಷ್ಟರಲ್ಲಿ ಸರಿಹೋಗುತ್ತೆ. ಸುಮ್ಮನೆ ಯಾಕೆ ಅವಳ ಎದೆ ಒಡೆಯೋದು?"

"ಬಿಚ್ಚಿ ಹೊಲಿಯೋದು ಕಷ್ಟ, ನನಗೂ ಗೊತ್ತು. ಆದ್ರೆ ಗಿರಾಕಿ ತೊಟ್ಟುಕೊಂಡು ಬೀದಿಗೆ ಹೋದ್ಮೇಲೆ ಬಿಚ್ಚೋಕೇ ಆಗಲ್ಲ ರೀ. ಆಗ ಅವರ ಮಾನ ಹೋಗುತ್ತೆ, ನಿಮ್ಮದಲ್ಲ."

ಮೇಷ್ಟ್ರು ಹೇಳಲಿಲ್ಲ. ಇವತ್ತು ನಾಳೆ ಎಂದು ಮೀನಮೇಷ ಎಣಿಸಿದರು. ದಿನಾ ಬೆಳಿಗ್ಗೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಬಲಗಡೆಯ ಓಣಿಗಳನ್ನು ಎಣಿಸುತ್ತ ಕೂತರು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು. ಕಾಗದದ ಕಟ್ಟುಗಳು ಕುರ್ಚಿಯ ಎತ್ತರಕ್ಕೆ ಬೆಳೆದವು. ಪತ್ರಿಕೆಗೆ ಮೂರು ಸಾಲಿನ ಒಂದು ಪತ್ರವನ್ನೂ ಬರೆದರು: ಪುಟ ಇಪ್ಪತ್ಮೂರರಲ್ಲಿ ದೋಷವಿದೆ, ನನಗೆ ಸರಿಪಡಿಸಲಾಗುತ್ತಿಲ್ಲ, ದಯವಿಟ್ಟು ಪ್ರಕಟಿಸಿ. ಸಹಿ ಮಾಡಿ ಲಕೋಟೆಗೆ ಹಾಕಿ ಮೇಜಿನ ಎಡ ಡ್ರಾಯರಿನಲ್ಲಿಟ್ಟರು. ಅಂಚೆ ಡಬ್ಬ ಅವರ ರೂಮಿನಿಂದ ಎಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಎಣಿಸಿಯೂ ನೋಡಿದ್ದರು.

ಒಂದು ದಿನ ಎಡಗೈ ಲೇಖನದ ಪ್ರತಿ ಹಿಡಿದು ಬಂದಳು. ಪುಟ ಇಪ್ಪತ್ಮೂರರಲ್ಲಿ ಬೆರಳಿತ್ತು.

"ಸರ್, ಈ ಬಲಗಡೆಯೂ ಹಾಗೆಯೇ ಅನ್ನೋದು... ಒಂಚೂರು ಬಿಡಿಸಿ ಹೇಳ್ತೀರಾ?"

ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಮೇಷ್ಟ್ರು ಕಿಟಕಿಯ ಕಡೆ ನೋಡಿದರು. "ಅದು ಹಾಗೆಯೇ ಅಮ್ಮಾ. ಅಲ್ಲೇ ನಿಂತ್ಕೋಬೇಡ, ಮುಂದೆ ಹೋಗು" ಎಂದುಬಿಟ್ಟರು. ಎಡಗೈ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಸರಿ ಸರ್" ಎಂದು ಹೋದಳು, ಮತ್ತೆಂದೂ ಆ ಪುಟದ ಸುದ್ದಿ ಎತ್ತಲಿಲ್ಲ. ಅಂದು ಮಾಡಿದ್ದು ತಪ್ಪಲ್ಲ, ಮೋಸ ಎಂದು ಮೇಷ್ಟ್ರಿಗೆ ಅಂದೇ ಗೊತ್ತಿತ್ತು.

ಮೂರು ವರ್ಷ ಕಳೆಯಿತು. ಓಣಿಗಳು ಮುಗಿಯಲಿಲ್ಲ. ಎಡಗೈ ತನ್ನ ಮಹಾಪ್ರಬಂಧದ ಕರಡನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟಳು. ಮೇಲುಗಡೆ ಒಂದು ಹಾಳೆ: ಈ ಕೆಲಸ ನನ್ನ ಮಾರ್ಗದರ್ಶನದಲ್ಲಿ ನಡೆದಿದೆ, ಇದರಲ್ಲಿರುವುದೆಲ್ಲ ಸರಿಯಿದೆ ಎಂದು ಮೇಷ್ಟ್ರು ಸಹಿ ಹಾಕಬೇಕಾದ ಪ್ರಮಾಣಪತ್ರ. ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಕೂತ್ಕೊಳ್ಳಮ್ಮ," ಎಂದರು. "ನಿನಗೊಂದು ಮಾತು ಹೇಳ್ಬೇಕು. ಮೂರು ವರ್ಷದ ಹಿಂದೇನೇ ಹೇಳ್ಬೇಕಾಗಿತ್ತು."

ಹೇಳಿದರು. ತೋಳು, ಅಚ್ಚಿನ ಬಟ್ಟೆ, ಓಣಿ, ಡ್ರಾಯರಿನ ಪತ್ರ, ಯಾವುದನ್ನೂ ಬಿಡದೆ ಹೇಳಿದರು. ಮುಗಿಸಿ ತಲೆ ತಗ್ಗಿಸಿ ಕೂತರು, ಅವಳು ಅಳುತ್ತಾಳೆ ಇಲ್ಲವೇ ಬೈಯುತ್ತಾಳೆ ಎಂದು ಕಾದರು.

"ಗೊತ್ತು ಸರ್," ಎಂದಳು ಎಡಗೈ.

ಮೇಷ್ಟ್ರು ತಲೆ ಎತ್ತಿದರು.

"ಅವತ್ತು ನಿಮ್ಮನ್ನ ಕೇಳಿದಾಗಲೇ ಗೊತ್ತಿತ್ತು. ನಮ್ಮ ಕ್ಲಾಸಿನ ಕುರ್ಚಿ ನೋಡಿದೀರಲ್ಲ ಸರ್? ಬರೆಯೋ ಹಲಗೆ ಬಲಗಡೆಗೇ ಇರುತ್ತೆ. ಚಿಕ್ಕಂದಿನಿಂದ ಮೈ ತಿರುಚಿಕೊಂಡು ಬರೆದವಳು ನಾನು. ಕತ್ತರಿ, ಬಾಗಿಲ ಹಿಡಿ, ಯಾವುದೂ ನನಗೆ ಹಾಗೆಯೇ ಅಲ್ಲ. ಯಾರಾದ್ರೂ ಆ ಕಡೇನೂ ಹಾಗೆಯೇ ಅಂದ್ರೆ ನಾನು ಮೊದಲು ಆ ಕಡೆ ಹೋಗಿ ಕೂತು ನೋಡ್ತೀನಿ."

"ಮತ್ತೆ ಯಾಕಮ್ಮ ಸುಮ್ಮನಿದ್ದೆ?"

"ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಗೊತ್ತಾದ್ರೆ ನೊಂದ್ಕೊಳ್ತೀರಿ ಅಂತ. ಆಮೇಲೆ..." ಅವಳು ಕರಡಿನ ಅಂಚನ್ನು ಸರಿಮಾಡಿದಳು. "ಆಮೇಲೆ ನನಗೂ ಬೇರೆ ದಾರಿ ಇರಲಿಲ್ಲ ಸರ್. ಐದು ವರ್ಷ ಆಗಿದೆ. ಮುಂದಿನ ತಿಂಗಳು ಇಂಟರ್‌ವ್ಯೂ ಇದೆ. ಈ ವರ್ಷ ಬಿಟ್ರೆ ವಯಸ್ಸಿನ ಮಿತಿ ದಾಟುತ್ತೆ."

ಮೇಷ್ಟ್ರು ಡ್ರಾಯರ್ ಎಳೆದು ಲಕೋಟೆಯನ್ನು ಹೊರಗಿಟ್ಟರು. "ಇದನ್ನ ಕಳಿಸಲೇಬೇಕಮ್ಮ."

"ಕಳಿಸಿ ಸರ್. ನಾನು ಬೇಡ ಅಂತಿಲ್ಲ. ಎರಡೂ ಮಾಡೋಣ." ಅವಳು ಎಡಗೈಯಿಂದ ಪ್ರಮಾಣಪತ್ರವನ್ನು ಅವರ ಕಡೆ ಮೆಲ್ಲಗೆ ತಳ್ಳಿದಳು. "ಆದ್ರೆ ಮೊದಲು ಸಹಿ. ಪತ್ರ ಆಮೇಲೆ. ನನಗೆ ಕೆಲಸ ಆಗೋವರೆಗೂ ಅದು ಹಾಗೇ ಇರ್ಲಿ ಸರ್."

ಎರಡೂ ಮಾಡುವುದೇ, ಕ್ರಮ ಮಾತ್ರ ಬೇರೆ. ಇಪ್ಪತ್ತೈದು ವರ್ಷದಿಂದ ಮೊದಲ ಪಾಠದಲ್ಲೇ ಅಳೆದು ಕತ್ತರಿಸುವುದು, ಕತ್ತರಿಸಿ ಅಳೆಯುವುದು ಎಂದು ಬೋರ್ಡು ತುಂಬಿಸಿದ ಮನುಷ್ಯನಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಸಹಿಯಾದ ಮೇಲೆ ಪತ್ರ ಹೋದರೆ ಅದು ಅವಳನ್ನೂ ಎಳೆದುಕೊಂಡೇ ಬೀಳುತ್ತದೆ, ಆದ್ದರಿಂದ ಹೋಗುವುದೇ ಇಲ್ಲ. ಅದು ಅವರಿಗೆ ಹಗಲಿನಷ್ಟು ನಿಚ್ಚಳವಾಗಿತ್ತು. ಆದರೆ ಎದುರಿಗೆ ಕೂತವಳ ಅಂಗೈಯ ಮಗ್ಗುಲು ಐದು ವರ್ಷದ ಶಾಯಿಯಿಂದ ಕಪ್ಪಾಗಿತ್ತು, ಆ ಐದರಲ್ಲಿ ಮೂರನ್ನು ಕದ್ದವರು ತಾವು. ಯಾವ ಮುಖದಿಂದ ಇಲ್ಲವೆನ್ನುವುದು? ಮೇಷ್ಟ್ರು ಸಹಿ ಹಾಕಿದರು. ಲಕೋಟೆಯನ್ನು ಮತ್ತೆ ಡ್ರಾಯರಿಗೆ ತಳ್ಳಿದರು.

ಸಂಜೆ ಟೈಲರಮ್ಮ ಕೇಳಿದಳು: "ಹೇಳಿದ್ರಾ?"

"ಹೇಳಿದೆ."

"ದೊಡ್ಡ ಭಾರ ಇಳೀತು ಬಿಡಿ."

"ಇಳೀಲಿಲ್ಲ ಕಣೇ. ಈಗ ಇಬ್ಬರ ತಲೆ ಮೇಲಿದೆ."

ಎಡಗೈಗೆ ದೂರದ ಇನ್ನೊಂದು ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಟೈಲರಮ್ಮನಿಗೆ ಒಂದು ಒಳ್ಳೆಯ ಕತ್ತರಿ ಕಳಿಸಿಕೊಟ್ಟಳು. ವರ್ಷಕ್ಕೊಂದು ಸಲ ಫೋನ್ ಮಾಡುವಳು. ಮೊದಲ ವರ್ಷ, "ಕೆಲಸ ಖಾಯಂ ಆಗ್ಲಿ ಸರ್, ಆಮೇಲೆ ಕಳಿಸೋಣ." ಮೂರನೆಯ ವರ್ಷ, "ಖಾಯಂ ಆಯ್ತು ಸರ್, ತಮ್ಮನ ಓದು ಒಂದು ಮುಗೀಲಿ." ಐದನೆಯ ವರ್ಷ, "ನನ್ನ ಕೈಕೆಳಗೆ ಒಬ್ಬಳು ಸೇರಿದಾಳೆ ಸರ್, ಈಗ ಬೇಡ." ಆಮೇಲೆ ಪತ್ರದ ಮಾತೇ ಬರಲಿಲ್ಲ. ಆರೋಗ್ಯ ಹೇಗಿದೆ ಸರ್, ಮನೇಲಿ ಅಕ್ಕ ಹೇಗಿದಾರೆ ಸರ್, ಅಷ್ಟೇ. ಮೇಷ್ಟ್ರೂ ಚೆನ್ನಾಗಿದೀವಮ್ಮ ಅನ್ನುವರು. ಆ ಪ್ರಮೇಯವನ್ನು ಆಧಾರವಾಗಿಟ್ಟುಕೊಂಡ ಹೊಸ ಲೇಖನಗಳು ಅಲ್ಲಿ ಇಲ್ಲಿ ಅಚ್ಚಾಗುತ್ತಿದ್ದವು. ಒಂದೊಂದು ಕಂಡಾಗಲೂ ಮೇಷ್ಟ್ರಿಗೆ ಯಾರೋ ತಮ್ಮ ರೂಮಿನ ಬಾಗಿಲಿಗೆ ಹೊರಗಿನಿಂದ ಇನ್ನೊಂದು ಚಿಲಕ ಹಾಕಿದಂತೆನಿಸುತ್ತಿತ್ತು. ಅಷ್ಟಾದರೂ ಬಲಗಡೆಯ ಓಣಿಗಳನ್ನು ಅವರು ಬಿಡಲಿಲ್ಲ. ಅದು ಸರಿಹೋದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಒಂದೇ ಆಸೆಯಿಂದ ಕೂದಲು ಬೆಳ್ಳಗಾಗುವವರೆಗೂ ಕೂತರು.

ನಿವೃತ್ತಿಗೆ ಎರಡು ತಿಂಗಳಿರುವಾಗ ಎಡಗೈಯ ಕಾಲೇಜಿನಿಂದ ಒಂದು ಕಟ್ಟು ಬಂತು. ಅವಳ ವಿದ್ಯಾರ್ಥಿನಿಯ ಮಹಾಪ್ರಬಂಧ, ಪರೀಕ್ಷಕರು ಹಾಗೆಯೇ ಮೇಷ್ಟ್ರು. ಹಿಂದೆಯೇ ಫೋನೂ ಬಂತು.

"ನಿಮ್ಮ ಹೆಸರು ನಾನೇ ಕೊಟ್ಟೆ ಸರ್. ನೀವಾದ್ರೆ ನನಗೆ ಧೈರ್ಯ."

ಯಾಕೆ ಧೈರ್ಯ ಎಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಲೋಕದಲ್ಲಿ ಆ ಒಂದು ಪ್ರಶ್ನೆಯನ್ನು ಎಂದಿಗೂ ಕೇಳದ ಪರೀಕ್ಷಕ ಒಬ್ಬನೇ ಇದ್ದ. ಕಟ್ಟು ಬಿಚ್ಚಿದರೆ ಪುಟ ಐವತ್ತೇಳರಲ್ಲಿ ಮೇಷ್ಟ್ರ ಪ್ರಮೇಯದ ದೊಡ್ಡ ರೂಪ, ಅದರ ಕೊನೆಗೆ ಅದೇ ‘ಬಲಗಡೆಯೂ ಹಾಗೆಯೇ’. ಬರೆದವಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಟೀಚರಂತೆ, ನಾಲ್ಕು ವರ್ಷ ರಜೆ ಹಾಕಿ ಓದಿದವಳಂತೆ. ಮೇಷ್ಟ್ರು ವರದಿಯಲ್ಲಿ ಮೂರು ಸಾಲು ಹೊಗಳಿ ಕಳಿಸಿದರು. ಹೇಡಿತನ ಅಷ್ಟು ಹೊತ್ತಿಗೆ ಅವರಿಗೆ ಕೈಬರಹದಷ್ಟೇ ರೂಢಿಯಾಗಿತ್ತು.

ಮೌಖಿಕ ಪರೀಕ್ಷೆಗೆ ಹೊರಡುವ ಬೆಳಿಗ್ಗೆ ಟೈಲರಮ್ಮ ಕೋಟಿಗೆ ಇಸ್ತ್ರಿ ಹಾಕಿಕೊಟ್ಟಳು. "ಈ ಸಲವಾದ್ರೂ ಬಾಯಿ ಬಿಡ್ತೀರಾ?"

"ನೋಡೋಣ."

"ನಿಮ್ಮ ನೋಡೋಣ ಅಂದ್ರೆ ಇಲ್ಲ ಅಂತ. ನಲವತ್ತು ವರ್ಷ ಹತ್ತಿರ ಬಂತು, ಅಷ್ಟು ಗೊತ್ತಿಲ್ವಾ ನನಗೆ?" ಎಂದು ತೋಳಿನ ಮಡಿಕೆ ಬಿಡಿಸಿದಳು. "ಇದು ಬಲದ್ದು, ಇದು ಎಡದ್ದು. ನೋಡಿ ತೊಟ್ಕೊಳ್ಳಿ."

ಆ ಕಾಲೇಜಿನ ಉದ್ದ ಪಡಸಾಲೆಯಲ್ಲಿ ಮೇಷ್ಟ್ರು ರೂಮು ಹುಡುಕುತ್ತಿದ್ದರು. ಗೋಡೆಗೊರಗಿ ನಿಂತಿದ್ದ ವಿದ್ಯಾರ್ಥಿಗಳನ್ನು ಕೇಳಿದರು.

"ಪರೀಕ್ಷೇನಾ ಸರ್? ಕೊನೇ ರೂಮು. ಹಾಗೆಯೇ ಮೇಡಂ ಅಲ್ಲೇ ಕೂತಿದಾರೆ."

"ಯಾರು?"

ಒಬ್ಬಳು ನಾಲಿಗೆ ಕಚ್ಚಿಕೊಂಡಳು. ಇನ್ನೊಬ್ಬಳು ನಕ್ಕಳು. "ತಮಾಷೆಗೆ ಹಾಗಂತೀವಿ ಸರ್. ಮೇಡಂ ಬೋರ್ಡಲ್ಲಿ ಅರ್ಧ ಬರೆದು ಹಾಗೆಯೇ ಅಂದ್ಬಿಡ್ತಾರೆ, ಅದಕ್ಕೆ."

ಎಡ ಬಲ ಎರಡರಲ್ಲೂ ಕೂತು ನೋಡುತ್ತಿದ್ದ ಹುಡುಗಿ! ಅವಳಿಗೆ ಮೇಷ್ಟ್ರು ಗಣಿತ ಕಲಿಸಿರಲಿಲ್ಲ, ಆ ಒಂದು ಮಾತನ್ನು ಕಲಿಸಿದ್ದರು.

ರೂಮಿನಲ್ಲಿ ಹಲಗೆಯಿದ್ದ ಕುರ್ಚಿಗಳು. ಎಡಗೈ ಈಗ ದುಂಡಗಾಗಿದ್ದಳು, ಕಿವಿಯ ಹತ್ತಿರ ಎರಡು ಬಿಳಿ ಕೂದಲಿತ್ತು, ಇಂದಿಗೂ ಮೈ ತಿರುಚಿಯೇ ಕೂತಿದ್ದಳು. ಮೇಷ್ಟ್ರನ್ನು ಕಂಡು ಎದ್ದು ನಿಂತಳು, ಮುಖ ಅರಳಿತು. ಪಕ್ಕದಲ್ಲಿ ಇನ್ನೊಬ್ಬ ಪರೀಕ್ಷಕರು, ದಪ್ಪ ಕನ್ನಡಕದವರು, ಆಗಲೇ ಬಿಸ್ಕತ್ತಿನ ತಟ್ಟೆ ಅರ್ಧ ಖಾಲಿ ಮಾಡಿದ್ದರು. ಬೋರ್ಡಿನ ಮುಂದೆ ಟೀಚರ್, ನಲವತ್ತರ ಹತ್ತಿರದ ಹೆಂಗಸು, ಹೊಸ ಸೀಮೆಸುಣ್ಣವನ್ನು ಬೆವರುವ ಬೆರಳುಗಳಲ್ಲಿ ಹಿಡಿದಿದ್ದಳು.

ಅವಳು ಚೆನ್ನಾಗಿಯೇ ಹೇಳಿದಳು. ಶಾಲೆಯಲ್ಲಿ ಪಳಗಿದ ದನಿ, ನೆಟ್ಟಗಿನ ಸಾಲುಗಳು. ಬೋರ್ಡಿನ ಎಡ ಅರ್ಧ ತುಂಬಿತು. ಅವಳು ಬಲ ಅರ್ಧದ ಕಡೆ ತಿರುಗಿದಳು, ಸೀಮೆಸುಣ್ಣವನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು. "ಬಲಗಡೆಯೂ ಹಾಗೆಯೇ" ಎಂದು ಕೈ ಜಾಡಿಸಿದಳು.

ಮೇಷ್ಟ್ರು ತಮ್ಮದೇ ಕೈಯನ್ನು ನೋಡಿದರು. ಈ ಹೆಂಗಸು ಅವರನ್ನು ಇದುವರೆಗೆ ಕಂಡವಳೇ ಅಲ್ಲ, ಆದರೂ ಅವರ ಕೈ ಅವಳ ಭುಜದಿಂದ ಇಳಿದಿತ್ತು. ಅಚ್ಚಿನ ಬಟ್ಟೆಯ ಎರಡು ಎಡ ತೋಳು ನೆನಪಾಯಿತು. ಈಗ ಮೂರಾದವು. ನಾಳೆ ಇವಳೂ ಯಾರಿಗೋ ಕತ್ತರಿಸಿಕೊಡುತ್ತಾಳೆ.

"ಪ್ರಶ್ನೆ ಏನಾದ್ರೂ ಇದ್ಯಾ ಮೇಷ್ಟ್ರೇ?" ಎಂದರು ದಪ್ಪ ಕನ್ನಡಕದವರು, ಆಗಲೇ ಸಹಿಯ ಹಾಳೆ ಎಳೆದುಕೊಳ್ಳುತ್ತ.

ಎಡಗೈ ಸಣ್ಣಗೆ ನಗುತ್ತಿದ್ದಳು. ಇಲ್ಲ ಎಂಬ ಉತ್ತರ ಕೇಳಿಸಿಯೇಬಿಟ್ಟಂತಿತ್ತು ಆ ನಗು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

"ಒಂದೇ ಒಂದು," ಎಂದರು. "ಆ ಬಲಗಡೆಯದನ್ನ ಬರೆದು ತೋರಿಸಮ್ಮ."

ಎಡಗೈಯ ನಗು ಹಾಗೇ ನಿಂತಿತು. "ಸರ್," ಎಂದಳು ಮೆಲ್ಲಗೆ. ಮೇಷ್ಟ್ರು ಅವಳ ಕಡೆ ತಿರುಗಲಿಲ್ಲ, ತಿರುಗಿದ್ದರೆ ಮತ್ತೆ ಸೋಲುತ್ತಿದ್ದರು.

ಟೀಚರ್ ಬರೆಯತೊಡಗಿದಳು. ಮೊದಲ ಸಾಲು ಬಂತು. ಎರಡನೆಯದೂ ಬಂತು. ಮೂರನೆಯ ಸಾಲಿನಲ್ಲಿ ಓಣಿಗಳನ್ನು ಎಣಿಸಬೇಕಿತ್ತು. ಅವಳು ಬರೆದಳು, ಒರೆಸಿದಳು, ಹಿಂದೆ ಸರಿದು ಎಡ ಅರ್ಧವನ್ನು ನೋಡಿದಳು, ಮತ್ತೆ ಬರೆದಳು. ಸೀಮೆಸುಣ್ಣ ಮುರಿಯಿತು. ದಪ್ಪ ಕನ್ನಡಕದವರು ಅಗಿಯುವುದನ್ನು ನಿಲ್ಲಿಸಿ ಬೋರ್ಡಿನ ಕಡೆ ಬಗ್ಗಿದರು.

"ಸರ್..." ಟೀಚರ್ ತಿರುಗಿದಳು. "ಇದು ಬರ್ತಿಲ್ಲ ಸರ್."

"ಹೌದಮ್ಮ, ಬರಲ್ಲ. ತಪ್ಪು ನಿನ್ನದಲ್ಲ," ಎಂದರು ಹಾಗೆಯೇ ಮೇಷ್ಟ್ರು. "ಹನ್ನೆರಡು ವರ್ಷದಿಂದ ನನಗೂ ಬಂದಿಲ್ಲ."

ಬೋರ್ಡಿನಿಂದ ಸೀಮೆಸುಣ್ಣದ ಪುಡಿ ಉದುರುತ್ತಿತ್ತು. ಎಡಗೈ ಕುರ್ಚಿಯ ಹಲಗೆಯ ಮೇಲೆ ಎರಡೂ ಕೈ ಊರಿಕೊಂಡು, ಬೋರ್ಡನ್ನು ನೋಡುತ್ತ ಏನೋ ಅಂದಳು.

"ಏನಂದ್ರಿ ಮೇಡಂ?" ದಪ್ಪ ಕನ್ನಡಕದವರು ಕಿವಿ ಕೊಟ್ಟರು. "ಕೇಳಿಸ್ಲಿಲ್ಲ."

ಅವಳು ಅವರ ಕಡೆ ತಿರುಗಿದಳು. "ನನಗೂ ಹಾಗೆಯೇ ಅಂದೆ."